ಹಿಮದ ನಾಡಿನಲ್ಲೂ ಘಮಘಮಿಸುವ ಹಳೆಯ ಗುಲಾಬಿಗಳು

ಪರಿಮಳವಿಲ್ಲದ ಹೂವನ್ನು ಗುಲಾಬಿ ಎನ್ನಲು ನನಗೆ ಮನಸ್ಸೇ ಬರುವುದಿಲ್ಲ. ಹಾಗಾಗಿ ನಾನು ನೆಟ್ಟಿರುವುದೆಲ್ಲ ಹಳೆಯ ತಳಿಗಳೇ. 1867ರಲ್ಲಿ ಬಂದ ‘ಲಾ ಫ್ರಾನ್ಸ್’ ಅನ್ನು ಮೊದಲ ಹೈಬ್ರಿಡ್ ಟೀ, ಅಂದರೆ ಮಿಶ್ರತಳಿಯ ಆಧುನಿಕ ಗುಲಾಬಿ ಎಂದು ಪರಿಗಣಿಸುತ್ತಾರೆ. ಅದಕ್ಕೂ ಮುಂಚೆ ಇದ್ದ ವರ್ಗಗಳೆಲ್ಲ ಹಳೆಯ ಗುಲಾಬಿಗಳು. ಇವುಗಳಲ್ಲಿ ಚೀನಾ ಮತ್ತು ಟೀ ವರ್ಗದವು ಬೆಚ್ಚಗಿನ ಜಾಗವನ್ನೇ ಬಯಸುತ್ತವೆ. ನೆಲ ಹೆಪ್ಪುಗಟ್ಟುವ ಕಡೆ ಗ್ಯಾಲಿಕಾ, ಡಮಾಸ್ಕ್, ಆಲ್ಬಾ, ಸೆಂಟಿಫೋಲಿಯಾ, ಮಾಸ್ ವರ್ಗಗಳನ್ನು ನಂಬಿ. ಆಲ್ಬಾ, ಗ್ಯಾಲಿಕಾಗಳು ಮೈನಸ್ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯನ್ನೂ ತಡೆದುಕೊಳ್ಳಬಲ್ಲವು. ಚಳಿಗಾಲವೇ ಇಲ್ಲದ ಊರಿನಲ್ಲಿ ಇವು ಸರಿಯಾಗಿ ಹೂ ಬಿಡುವುದಿಲ್ಲ, ಅಲ್ಲಿ ಇವುಗಳ ಹಂಬಲ ಬೇಡ.

ಇವುಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ, ಬೇಸಿಗೆಯ ಆರಂಭದಲ್ಲಿ ಕೆಲವು ವಾರ ಹೂ ಬಿಡುತ್ತವೆ. ಅದು ಕೊರತೆ ಎಂದು ನನಗೆ ಎಂದೂ ಅನ್ನಿಸಿಲ್ಲ, ಆ ವಾರಗಳಲ್ಲಿ ಎಲೆ ಕಾಣದಷ್ಟು ಹೂ. ಮೊದಲ ಗಿಡಕ್ಕೆ ‘ಮದಾಂ ಹಾರ್ಡಿ’ ತನ್ನಿ. 1832ರ ಡಮಾಸ್ಕ್ ಇದು. ಅಚ್ಚ ಬಿಳಿಯ ಎಸಳುಗಳು ಪದರಪದರವಾಗಿ ಬಿಚ್ಚಿಕೊಂಡ ಮೇಲೆ ನಡುವೆ ಹಸಿರು ಗುಂಡಿಯಂಥ ಕಣ್ಣು ಕಾಣಿಸುತ್ತದೆ. ತುಸು ನೆರಳಿರುವ ಜಾಗಕ್ಕೆ 1826ರ ಆಲ್ಬಾ ‘ಕೊನಿಗಿನ್ ಫಾನ್ ಡೇನೆಮಾರ್ಕ್’ ಒಳ್ಳೆಯದು. ಮಾಸ್ ಗುಲಾಬಿಯ ಸೊಗಸು ಇರುವುದೇ ಮೊಗ್ಗಿನಲ್ಲಿ: ಪಾಚಿ ಹಿಡಿದಂತಿರುವ ಆ ಹಸಿರು ರೋಮಗಳನ್ನು ಮೆಲ್ಲಗೆ ಉಜ್ಜಿದರೆ ಬೆರಳಿಗೆ ಅಂಟಂಟು ಹತ್ತಿ, ರಾಳದ ವಾಸನೆ ಬಹಳ ಹೊತ್ತು ಉಳಿಯುತ್ತದೆ.

ಕೊಳ್ಳುವಾಗ ಕಸಿ ಕಟ್ಟಿದ ಸಸಿಯೋ, ಸ್ವಂತ ಬೇರಿನದೋ ಎಂದು ಕೇಳಿಯೇ ಕೊಳ್ಳಿ. ಚಳಿಯ ಪ್ರದೇಶಕ್ಕೆ ಸ್ವಂತ ಬೇರಿನದೇ ಸರಿ. ಕಡುಚಳಿಗೆ ಮೇಲಿನ ಕೊಂಬೆಗಳೆಲ್ಲ ಸತ್ತರೂ ಬುಡದಿಂದ ಅದೇ ತಳಿ ಚಿಗುರುತ್ತದೆ. ಕಸಿಗಿಡವಾದರೆ ಕಸಿಗಂಟಿನ (ಎರಡು ಗಿಡ ಕೂಡಿಸಿದ ಜಾಗದ) ಕೆಳಗಿನ ಕಾಡು ಗುಲಾಬಿ ಮೇಲೆದ್ದು, ನೀವು ಬಯಸಿದ ತಳಿ ಮಾಯವಾಗಬಹುದು. ಕಸಿಗಿಡವೇ ಸಿಕ್ಕಿದರೆ ಕಸಿಗಂಟನ್ನು ಮಣ್ಣಿನೊಳಗೆ 5ರಿಂದ 10 ಸೆಂಟಿಮೀಟರ್ ಆಳಕ್ಕೆ ಹೋಗುವಂತೆ ನೆಡಿ; ಕಾಲಕ್ರಮೇಣ ಗಂಟಿನ ಮೇಲಿನ ಭಾಗವೂ ತನ್ನದೇ ಬೇರು ಬಿಡುತ್ತದೆ.

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ 45 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಗುಂಡಿ ತೋಡಿ. ಚಳಿಗಾಲದಲ್ಲಿ ನೀರು ನಿಂತು ಬೇರು ಕೊಳೆತು ಸಾಯುವ ಗಿಡಗಳೂ ಇವೆ, ಸಾವಿಗೆಲ್ಲ ಹಿಮವನ್ನೇ ದೂರಬೇಡಿ. ಮಣ್ಣಿಲ್ಲದ ಬೇರಿನ ಸಸಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೇರುಗಳನ್ನು ಹರಡಿ ನೆಟ್ಟು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಮಣ್ಣು ತುಂಬಿ. ಮೊದಲ ವರ್ಷ ವಾರಕ್ಕೊಮ್ಮೆ ಬುಡ ತೋಯುವಷ್ಟು ನೀರು ಹಾಕಿ; ದಿನವೂ ಚಿಮುಕಿಸಿದರೆ ಬೇರು ಆಳಕ್ಕಿಳಿಯುವುದಿಲ್ಲ. ಎಲೆ ಒದ್ದೆಯಾಗದಿದ್ದರೆ ಕಪ್ಪು ಚುಕ್ಕೆ ರೋಗವೂ ಕಡಿಮೆ.

ಇನ್ನು ಕತ್ತರಿಯ ವಿಷಯ. ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಹೂ ಬಿಡುವ ಗುಲಾಬಿಗಳು ಹಿಂದಿನ ವರ್ಷ ಬಲಿತ ಕೊಂಬೆಗಳ ಮೇಲೆ ಹೂ ಬಿಡುತ್ತವೆ. ಚಳಿಗಾಲದ ಕೊನೆಯಲ್ಲಿ ಹೈಬ್ರಿಡ್ ಟೀ ಗಿಡದಂತೆ ಇದನ್ನೂ ಗಿಡ್ಡವಾಗಿ ಸವರಿದರೆ ಆ ವರ್ಷದ ಹೂವೆಲ್ಲ ಕತ್ತರಿಗೇ ಹೋಯಿತು. ಹೂ ಮುಗಿದ ಕೂಡಲೇ ಸವರಿ. ಬುಡದಲ್ಲಿರುವ ತೀರಾ ಹಳೆಯ ಒಂದೆರಡು ಕೊಂಬೆ ತೆಗೆದು, ಉಳಿದವುಗಳನ್ನು ಮೂರನೇ ಒಂದು ಭಾಗ ಮೊಟಕು ಮಾಡಿದರೆ ಸಾಕು. ವಸಂತದಲ್ಲಿ ಸತ್ತ ಕಡ್ಡಿಯನ್ನು ಮಾತ್ರ ತೆಗೆಯಿರಿ. ಉದ್ದನೆಯ ಕೊಂಬೆಗಳನ್ನು ಬಾಗಿಸಿ ನೆಲಕ್ಕೆ ಸಮಾನಾಂತರವಾಗಿ ಕಟ್ಟಿ ನೋಡಿ: ತುದಿಯಲ್ಲಷ್ಟೇ ಅಲ್ಲ, ಗಿಣ್ಣುಗಿಣ್ಣಿನಲ್ಲೂ ಹೂ ಬರುತ್ತದೆ.

ಮೊದಲ ಹಿಮಕ್ಕೆ ಆರರಿಂದ ಎಂಟು ವಾರ ಮುಂಚೆಯೇ ಸಾರಜನಕದ ಗೊಬ್ಬರ ನಿಲ್ಲಿಸಿ. ಆಮೇಲೂ ಹಾಕಿದರೆ ಹುಟ್ಟುವ ಎಳೆ ಚಿಗುರು ಬಲಿಯದೆ ಚಳಿಗೆ ಕಪ್ಪಾಗುತ್ತದೆ. ನೆಲ ಹೆಪ್ಪುಗಟ್ಟಲು ಶುರುವಾದ ಮೇಲೆ ಎಳೆಯ ಗಿಡಗಳ ಬುಡಕ್ಕೆ ಒಂದಡಿಯವರೆಗೆ ಬೇರೆಡೆಯಿಂದ ತಂದ ಮಣ್ಣು ಏರಿಸಿ. ಗಿಡದ ಬುಡದಿಂದಲೇ ಕೆರೆದರೆ ಬೇರು ಹೊರಬೀಳುತ್ತದೆ. ವಸಂತದಲ್ಲಿ ಮೊಗ್ಗು ಉಬ್ಬತೊಡಗಿದಾಗ ಏರಿಸಿದ ಮಣ್ಣನ್ನು ಸರಿಸಿಬಿಡಿ.

ಸ್ವಂತ ಬೇರಿನ ಗ್ಯಾಲಿಕಾ ಕೆಲವು ವರ್ಷಗಳಲ್ಲಿ ಸುತ್ತಲೂ ಬೇರುಚಿಗುರು ಎಬ್ಬಿಸುತ್ತದೆ. ದಾರಿಗೆ ಅಡ್ಡ ಬಂದವುಗಳನ್ನು ಎಲೆ ಉದುರಿದ ಮೇಲೆ ಬೇರು ಸಮೇತ ಸನಿಕೆಯಿಂದ ಕಡಿದು ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಕೇಳಿದವರಿಗೆ ಕೊಡಿ, ತಾಯಿಗಿಡದ ಹೂವೇ ಅದರಲ್ಲೂ ಬರುತ್ತದೆ.