ಹಬ್ಬಕ್ಕೆ ಬರೆಸಿದ ನಾಟಕದ ರಂಗಚರಿತ್ರೆ ಬರೆಯುವ ಬಗೆ

ರಂಗಚರಿತ್ರೆ ಬರೆಯುತ್ತೇನೆಂದು ಬರುವ ಹುಡುಗರ ಕೈಗೆ ನಾನು ನಾಟಕದ ಪ್ರತಿ ಕೊಡುವುದಿಲ್ಲ, ಕ್ಯಾಲೆಂಡರ್ ಕೊಡುತ್ತೇನೆ. ಬೆಳಕಿನ ಕೆಲಸ ಮಾಡಿದವನ ಚಟ ಇದು. ಮಾತು ಏನೆಂದು ಕೇಳುವ ಮೊದಲೇ ಪ್ರಯೋಗ ಯಾವತ್ತು, ಯಾವ ಊರು, ದುಡ್ಡು ಯಾರದ್ದು ಎಂದು ಕೇಳಿಬಿಡುತ್ತೇವೆ. ರಾಜಕೀಯ ನಾಟಕವಾದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ.

ಇದನ್ನು ಹೇಳಿಕೊಡಲು ನಾನು ಹಿಡಿಯುವುದು ದಕ್ಷಿಣ ಆಫ್ರಿಕದ ಒಂದು ನಾಟಕವನ್ನು: ಡಚ್ಚಿನಿಂದ ಹುಟ್ಟಿದ ಆಫ್ರಿಕಾನ್ಸ್ ಭಾಷೆಯ ಕವಿ ಎನ್.ಪಿ. ವಾನ್ ವೈಕ್ ಲೌ ಬರೆದ ‘ಡೀ ಪ್ಲೈಮ್‌ಸಾತ್ ವಾಯ್ ಫೆರ್’, ಅಂದರೆ ಗರಿಬೀಜ ದೂರ ಹಾರುತ್ತದೆ. 1966ರಲ್ಲಿ ಪ್ರಿಟೋರಿಯಾದಲ್ಲಿ ರಂಗಕ್ಕೆ ಬಂತು. ಗಣರಾಜ್ಯಕ್ಕೆ ಐದು ತುಂಬಿದ ಉತ್ಸವಕ್ಕೆಂದೇ ಬರೆಸಿದ್ದು.

ಕ್ಯಾಲೆಂಡರ್ ಬಿಚ್ಚಿ, ಮೇ 31ಕ್ಕೆ ಗುರುತು ಹಾಕಿ. 1902ರ ಅದೇ ದಿನ ಬೋವರರು, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರು, ಬ್ರಿಟಿಷರಿಗೆ ಶರಣಾದ ಒಪ್ಪಂದಕ್ಕೆ ರುಜು ಬಿತ್ತು, ಅವರ ಎರಡೂ ಗಣರಾಜ್ಯಗಳು ಮುಗಿದವು. 1910ರ ಅದೇ ದಿನ ಬ್ರಿಟಿಷ್ ಸಾಮ್ರಾಜ್ಯದೊಳಗೆ ದಕ್ಷಿಣ ಆಫ್ರಿಕ ಒಕ್ಕೂಟ ಹುಟ್ಟಿತು. 1961ರ ಅದೇ ದಿನ ಬಿಳಿಯರ ಸರ್ಕಾರ ಬ್ರಿಟನ್ ರಾಣಿಯನ್ನು ಬಿಟ್ಟು ಗಣರಾಜ್ಯ ಸಾರಿತು. ಸೋತ ದಿನವನ್ನೇ ಗೆದ್ದ ದಿನವಾಗಿ ತಿರುಗಿಸಿಕೊಂಡ ಹಬ್ಬ ಅದು. ಅಂಥ ಹಬ್ಬದಲ್ಲಿ ಸೋಲಿನ ಕಥೆ ಎತ್ತಿದರೆ ಏನಾದೀತು?

ಲೌ ಎತ್ತಿದ್ದು ಅದನ್ನೇ. ಇನ್ನು ಪಠ್ಯ ಓದಿ, ಆದರೆ ಸಾಹಿತ್ಯದ ಮೇಷ್ಟರ ಹಾಗಲ್ಲ. ಆ ಸಂಜೆ ಟಿಕೆಟ್ ಹಿಡಿದು ಕೂತವನ ಕಿವಿಯಿಂದ ಓದಿ. ನಾಟಕದ ಕೇಂದ್ರದಲ್ಲಿರುವವನು ಆ ಎರಡು ಗಣರಾಜ್ಯಗಳಲ್ಲಿ ಒಂದಾದ ಆರೆಂಜ್ ಫ್ರೀ ಸ್ಟೇಟಿನ ಕೊನೆಯ ಅಧ್ಯಕ್ಷ ಸ್ಟೇಯ್ನ್. 1900ರ ಮಾರ್ಚಿನಲ್ಲಿ ರಾಜಧಾನಿ ಬ್ಲೂಮ್‌ಫಾಂಟೇನ್ ಬಿದ್ದ ಮೇಲೂ ಸೋಲೊಪ್ಪದೆ, ಸರ್ಕಾರವನ್ನು ಹೆಗಲ ಮೇಲೆ ಹೊತ್ತಂತೆ ಊರೂರು ಅಲೆದವನು. ಅವನ ಸುತ್ತ ಬಿರುಕು ಬಿಟ್ಟ ಜನ. ಆ ವರ್ಷದ ಜುಲೈ ಕೊನೆಗೆ ಬ್ರಾಂಡ್‌ವಾಟರ್ ಕಣಿವೆಯಲ್ಲಿ ಬೋವರ್ ಸೇನಾನಿ ಪ್ರಿನ್ಸ್ಲೂ ಸಾವಿರಾರು ಜನರೊಂದಿಗೆ ಶಸ್ತ್ರ ಕೆಳಗಿಟ್ಟ. ದಂಡನಾಯಕ ಕ್ರಿಸ್ಟಿಯಾನ್ ಡಿ ವೆಟ್‌ನ ಸ್ವಂತ ತಮ್ಮ ಪೀಟ್ ಶರಣಾಗಿ, ಆಮೇಲೆ ಬ್ರಿಟಿಷರ ಕಡೆಯೇ ಸೇರಿದ. ಕೈ ಎತ್ತಿದವರ ಮೊಮ್ಮಕ್ಕಳೂ ಕೊನೆವರೆಗೆ ಕಾದಿದವರ ಮೊಮ್ಮಕ್ಕಳೂ 1966ರ ಹೊತ್ತಿಗೆ ಒಂದೇ ಪಕ್ಷಕ್ಕೆ ವೋಟು ಹಾಕುತ್ತ, ಒಂದೇ ಸಾಲಿನಲ್ಲಿ ಕೂತು ನಾಟಕ ನೋಡುವವರು. ಅವರೆದುರು ಮುದುಕಿಯೊಬ್ಬಳು ಬಂದು ನಾಟಕವನ್ನು ಒಂದು ಪ್ರಶ್ನೆಯಿಂದ ಶುರುಮಾಡುತ್ತಾಳೆ: ಜನಾಂಗ ಅಂದರೇನು?

ಹಬ್ಬದ ಪಂಕ್ತಿಯಲ್ಲಿ ಕೂತು ‘ಈ ಮನೆಯ ಯಜಮಾನರು ಯಾರು’ ಎಂದು ಕೇಳಿದಂತಾಯಿತು.

ಈಗ ಪ್ರತಿಕ್ರಿಯೆಗೆ ಬರೋಣ. ‘ನಾಟಕ ವಿವಾದಕ್ಕೆ ಗುರಿಯಾಯಿತು’ ಎಂಬ ವಾಕ್ಯ ಯಾರ ಬರಹದಲ್ಲಿ ಕಂಡರೂ ನಾನು ಹೊಡೆದು ಹಾಕುತ್ತೇನೆ. ಅದರಲ್ಲಿ ಕರ್ತೃವೇ ಇಲ್ಲ, ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಯಾರು ಅಂದರು, ಎಲ್ಲಿ ನಿಂತು ಅಂದರು, ಯಾವ ಅಧಿಕಾರದಿಂದ ಅಂದರು ಎಂದು ಬರೆಯಿರಿ. ಇಲ್ಲಿ ಅಂದವನು ಪ್ರಧಾನಿ ವೆರ್ವೂರ್ಡ್, ಅದೇ ಉತ್ಸವದ ಭಾಷಣದಲ್ಲಿ. ಜನಾಂಗ ಅಂದರೇನೆಂದು ಅನುಮಾನಿಸುತ್ತ ಕೇಳುವ ಲೇಖಕರು ಬೇಡ, ಇದು ನನ್ನ ಜನಾಂಗ ಎಂದು ಹೆಮ್ಮೆಯಿಂದ ಸಾರುವವರು ಬೇಕು ಎಂಬ ಧಾಟಿ. ಹೆಸರು ಹೇಳಬೇಕಾದ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಗೊತ್ತಾಯಿತು.

ಪತ್ರಿಕೆ ತಿರುವುವಾಗ ಅದರ ಹಿಂದೆ ಯಾರಿದ್ದರೆಂಬುದನ್ನು ಮರೆಯಬೇಡಿ. ‘ಡೀ ಟ್ರಾನ್ಸ್‌ವಾಲರ್’ ಪತ್ರಿಕೆಯ ಮೊದಲ ಸಂಪಾದಕ ಇದೇ ವೆರ್ವೂರ್ಡ್. ಕೇಪಿನ ‘ಡೀ ಬರ್ಗರ್’ನಲ್ಲಿ ಲೌನ ತಮ್ಮ, ಅವನೂ ಕವಿಯೇ, ಕೆಲಕಾಲ ಕಲಾ ವಿಭಾಗ ನೋಡಿಕೊಂಡಿದ್ದ. ಇಷ್ಟು ಗೊತ್ತಿದ್ದರೆ ವಿಮರ್ಶೆಯ ಪ್ರತಿ ಸಾಲೂ ಬೇರೆ ಥರ ಕೇಳಿಸುತ್ತದೆ.

ಇಲ್ಲಿ ಹೊಸಬರು ಜಾರುವ ಜಾಗ ಒಂದಿದೆ. ಪ್ರಧಾನಿ ಬೈದ ಎಂದ ಕೂಡಲೇ ಲೌನನ್ನು ವರ್ಣಭೇದದ ವಿರುದ್ಧ ನಿಂತ ವೀರನನ್ನಾಗಿ ಮಾಡಿಬಿಡುತ್ತಾರೆ. ಅವನು ಆಫ್ರಿಕಾನರ್ ರಾಷ್ಟ್ರವಾದಿಯೇ, ಅಂದರೆ ಆಫ್ರಿಕಾನ್ಸ್ ಆಡುವ ಬಿಳಿಯರ ರಾಷ್ಟ್ರವಾದಿ. 1938ರಲ್ಲಿ ಮಹಾವಲಸೆಯ, ಅಂದರೆ ಬೋವರರು ಬ್ರಿಟಿಷರ ಕೇಪ್ ಪ್ರಾಂತ ಬಿಟ್ಟು ಒಳನಾಡಿಗೆ ಹೋದದ್ದರ, ಶತಮಾನೋತ್ಸವಕ್ಕೂ ‘ಡೀ ಡೀಪರ್ ರೆಖ್’ ಎಂಬ ನಾಟಕ ಬರೆದುಕೊಟ್ಟಿದ್ದ. ಅಲ್ಲೂ ಜನಾಂಗ ಕಟಕಟೆಯಲ್ಲಿ ನಿಲ್ಲುತ್ತದೆ, ಆದರೆ ಖುಲಾಸೆಯಾಗುತ್ತದೆ. ನ್ಯಾಯ ತಪ್ಪಿದ ಜನಾಂಗ ಬದುಕಿ ಉಳಿದರೂ ಏನು ಪ್ರಯೋಜನ ಎಂಬ ಪ್ರಶ್ನೆ ಅವನನ್ನು ಆಮೇಲೆ ಕಾಡಿತು. ಎರಡು ಹಬ್ಬ, ಎರಡು ನಾಟಕ, ಒಬ್ಬನೇ ಲೇಖಕ. ಅಕ್ಕಪಕ್ಕ ಇಟ್ಟು ಓದಿದರೆ ವೆರ್ವೂರ್ಡ್‌ಗೆ ಯಾಕೆ ಅಷ್ಟು ಉರಿಯಿತೆಂದು ತಿಳಿಯುತ್ತದೆ. ಎದುರಾಳಿ ಕೇಳಿದ್ದರೆ ಅವನು ತಲೆಕೆಡಿಸಿಕೊಳ್ಳುತ್ತಿರಲಿಲ್ಲ, ಮನೆಯವನೇ ಕೇಳಿದ್ದ ಎಂಬುದು ನನ್ನ ಎಣಿಕೆ.

ಸಭಾಂಗಣದಲ್ಲಿ ಯಾರು ಇರಲಿಲ್ಲ ಎಂಬುದನ್ನೂ ದಾಖಲಿಸಿ. 1965ರ ಸರ್ಕಾರಿ ಘೋಷಣೆಯ ಪ್ರಕಾರ ಬಿಳಿಯರೂ ಕರಿಯರೂ ಪರವಾನಗಿ ಇಲ್ಲದೆ ಒಟ್ಟಿಗೆ ಕೂತು ನಾಟಕ ನೋಡುವಂತಿರಲಿಲ್ಲ. ಜನಾಂಗ ಅಂದರೇನೆಂಬ ಪ್ರಶ್ನೆಯನ್ನು ದೇಶದ ಬಹುಪಾಲು ಜನರನ್ನು ಹೊರಗಿಟ್ಟೇ ಕೇಳಲಾಯಿತು. ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ, ಪ್ರೇಕ್ಷಕರ ಬಗ್ಗೆ ಬರೆಯುವ ಪ್ಯಾರಾದಲ್ಲೇ ಇರಲಿ.

‘ನಿಷೇಧ’ ಎಂಬ ಪದವನ್ನು ಕೈ ಬಿಗಿಹಿಡಿದು ಬಳಸಿ. ಪ್ರಧಾನಿಯ ಸಿಟ್ಟು ಬೇರೆ, ನಿಷೇಧ ಬೇರೆ, ರಂಗಮಂದಿರಗಳ ಮೌನ ಬೇರೆ. ಬಾರ್ಟೋ ಸ್ಮಿಟ್ ಬರೆದ ‘ಡೀ ಫರ್‌ಮಿಂಕ್ಟೆಸ್’ 1960ರಲ್ಲಿ ಅಚ್ಚಾಯಿತು. ವರ್ಣಗೆರೆ ದಾಟಿದ ಪ್ರೀತಿಯ ಕಥೆ. ಪುಸ್ತಕ ಓದಬಹುದಿತ್ತು, ಆದರೆ ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ವೃತ್ತಿರಂಗಭೂಮಿ ಅದನ್ನು ಆಡಿಸಲಿಲ್ಲ. ಲೌನದ್ದು ಇದಕ್ಕೆ ತಿರುವುಮುರುವು: ಮೊದಲು ಆಡಿದರು, 1972ರಲ್ಲಿ ಪುಸ್ತಕ ಬಂತು. ಅಷ್ಟರಲ್ಲಿ ವೆರ್ವೂರ್ಡ್ ಇರಲಿಲ್ಲ, 1966ರ ಸೆಪ್ಟೆಂಬರ್ 6ರಂದು ಸಂಸತ್ತಿನೊಳಗೇ ಚೂರಿ ಇರಿತಕ್ಕೆ ಸತ್ತಿದ್ದ. 1970ರಲ್ಲಿ ಲೌನೂ ತೀರಿಕೊಂಡಿದ್ದ. ಅಂದರೆ ಜಗಳ ನಡೆದಿದ್ದೆಲ್ಲ ಕಿವಿಗೆ ಬಿದ್ದಷ್ಟರ ಮೇಲೆ. ಆದ್ದರಿಂದ ನಿಮ್ಮ ಕೋಷ್ಟಕದಲ್ಲಿ ಪ್ರಯೋಗ, ಟೀಕೆ, ಮುದ್ರಣಕ್ಕೆ ಬೇರೆ ಬೇರೆ ಅಂಕಣ ಹಾಕಿ. 1972ರ ಪಠ್ಯವನ್ನು 1966ರ ರಂಗದ ಮಾತೆಂದು ಕಣ್ಣುಮುಚ್ಚಿ ಉದ್ಧರಿಸಬೇಡಿ. ಬ್ಲೂಮ್‌ಫಾಂಟೇನಿನ ಆಫ್ರಿಕಾನ್ಸ್ ಸಾಹಿತ್ಯ ಸಂಗ್ರಹಾಲಯಕ್ಕೆ ಬರೆಯುವುದಾದರೆ ಮೊದಲು ಕೇಳಬೇಕಾದ್ದು ಪ್ರಯೋಗದ ದಿನ ಹಂಚಿದ ಕಾರ್ಯಕ್ರಮ ಪತ್ರ, ಆಮೇಲೆ ಫೋಟೊ, ಕೊನೆಗೆ ವಿಮರ್ಶೆ.