ಅಮ್ಮಂದು ಅಂತ ಒಂದು ಒಳ್ಳೆ ಫೋಟೋ ತೆಗೆಸಿದ್ದು, ನನ್ನ ಅನುಭವ

ಅಜ್ಜಿ ತೀರ್ಕೊಂಡಾಗ ಫ್ರೇಮ್ ಹಾಕ್ಸಕ್ಕೆ ಅಂತ ಮನೆಯೆಲ್ಲಾ ಹುಡುಕಿದ್ರೂ ಅವರೊಬ್ಬರದ್ದೇ ಅಂತ ಒಂದು ಫೋಟೋ ಸಿಗ್ಲಿಲ್ಲ. ಕೊನೆಗೆ ಚಿಕ್ಕಪ್ಪನ ಮದ್ವೆ ಗ್ರೂಪ್ ಫೋಟೋದಿಂದ ಮುಖ ಕಟ್ ಮಾಡ್ಸಿ ದೊಡ್ಡದು ಮಾಡ್ಸಿದ್ವಿ, ಕಣ್ಣೇ ಸರಿಯಾಗಿ ಕಾಣಲ್ಲ, ಪಕ್ಕದಲ್ಲಿ ಯಾರದ್ದೋ ಭುಜ ಬೇರೆ. ಅಪ್ಪ ಅಮ್ಮಂಗೆ ಹೀಗಾಗ್ಬಾರ್ದು ಅಂತ ಅವತ್ತೇ ಅನ್ಕೊಂಡಿದ್ದೆ.

ನಮ್ಮನೆ ಚಿಕ್ಕಮಗಳೂರಿಂದ ಮೂಡಿಗೆರೆ ಕಡೆ ಹೋಗೋ ದಾರೀಲಿ, ಹಳೇ ಹೆಂಚಿನ ಮನೆ, ಸುತ್ತ ಕಾಫಿ ತೋಟ. ಸ್ಟುಡಿಯೋಗೆ ಹೋದ್ರೆ ಅಮ್ಮ ಲೈಟ್ ನೋಡಿದ ತಕ್ಷಣ ಉಸಿರು ಬಿಗಿ ಹಿಡ್ಕೊಂಡು ಕೂರ್ತಾರೆ, ಅದಕ್ಕೆ ಮನೆಗೇ ಬರೋ ಫ್ರೀಲ್ಯಾನ್ಸ್ ಫೋಟೋಗ್ರಾಫರ್ ಬೇಕಿತ್ತು. ನವೆಂಬರಲ್ಲಿ ಒಬ್ಬರಿಗೆ 2,000 ಅಡ್ವಾನ್ಸ್ ಕೊಟ್ಟೆ, ಎರಡು ದಿನ ಮುಂಚೆ ಫೋನ್ ಮಾಡಿ ಮದ್ವೆ ಆರ್ಡರ್ ಬಂದಿದೆ ಆಗಲ್ಲ ಅಂದ್ಬಿಟ್ರು, ದುಡ್ಡು ವಾಪಸ್ ಬರೋಷ್ಟರಲ್ಲಿ ಸಾಕಾಯ್ತು. ಆಮೇಲೆ ಹೊಳೀತು, ಧನುರ್ಮಾಸದಲ್ಲಿ ನಮ್ ಕಡೆ ಮದ್ವೆ ಇರಲ್ಲ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ ಫೋಟೋಗ್ರಾಫರ್‌ಗಳು ಸ್ವಲ್ಪ ಬಿಡುವಾಗಿರ್ತಾರೆ, ಬೆಳಗ್ಗೆ ಮಂಜು ಇರೋದ್ರಿಂದ ಬೆಳಕೂ ಮೃದುವಾಗಿರತ್ತೆ. ನಮಗೆ ಮಾತ್ರ ಅದು ಕಾಫಿ ಕುಯ್ಲಿನ ಟೈಮು, ಹೇಗೋ ಒಂದು ಭಾನುವಾರ ಬಿಡುವು ಮಾಡ್ಕೊಂಡ್ವಿ.

ಎರಡನೇ ಸಲ ಸಿಕ್ಕಿದ್ದು ಹಾಸನದ ಹುಡುಗಿ. ರೇಟ್ ಹೇಳೋಕೆ ಮುಂಚೆ ಅವಳು ಕೇಳಿದ್ದು, "ಅಕ್ಕಾ, ಅಮ್ಮ ಕೆಲಸ ಎಲ್ಲಾ ಮುಗಿದ್ಮೇಲೆ ಏನ್ ಮಾಡ್ತಾರೆ?" ಹೂ ಕಟ್ತಾರೆ ಅಂದೆ. ಹಾಗಾದ್ರೆ ಹೂವು ದಾರ ರೆಡಿ ಇಟ್ಟಿರಿ ಅಂದ್ಲು. ಆ ಒಂದು ಪ್ರಶ್ನೆಗೇ ನಾನು ಅವಳನ್ನ ಬುಕ್ ಮಾಡಿದ್ದು, ಈಗ ಯಾರಾದ್ರೂ ಕೇಳಿದ್ರೂ ಅದನ್ನೇ ಹೇಳ್ತೀನಿ, ಕ್ಯಾಮೆರಾ ಯಾವುದು ಅಂತ ಕೇಳ್ಬೇಡಿ, ಅವರು ನಿಮ್ಮನ್ನ ಏನು ಕೇಳ್ತಾರೆ ನೋಡಿ. ಒಟ್ಟು 9,000, ಅಡ್ವಾನ್ಸ್ 3,000, 15 ಎಡಿಟ್ ಮಾಡಿದ ಫೋಟೋ, ಯಾವತ್ತಿಗೆ ಕೊಡ್ತಾಳೆ, ಮಳೆ ಬಂದ್ರೆ ಬೇರೆ ದಿನ ಯಾವುದು, ಎಲ್ಲಾ ವಾಟ್ಸಾಪಲ್ಲಿ ಬರೆಸ್ಕೊಂಡೆ. ಹಕ್ಕಿನ ವಿಷ್ಯಾನೂ ಮಾತಾಡಿದ್ವಿ, 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್ ಪ್ರಕಾರ ನಾವು ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ದಿದ್ರೆ, ಹಕ್ಕು ನಮ್ದೇ ಆಗತ್ತೆ. ಇನ್‌ಸ್ಟಾಗ್ರಾಮಿಗೆ ಒಂದು ಹಾಕ್ಲಾ ಅಂತ ಅವಳೇ ಕೇಳಿದ್ಲು, ಅಮ್ಮನ್ನ ಕೇಳಿ ಒಂದಕ್ಕೆ ಸರಿ ಅಂದೆ.

ಬೆಳಗಿನ ಬೆಳಕು ಬೇಕು ಅಂತ ಹಿಂದಿನ ಸಂಜೆನೇ ಬಂದು ನಮ್ಮನೇಲೇ ಉಳ್ಕೊಂಡ್ಲು. ಅಮ್ಮ ಕಡುಬು ಬಡಿಸ್ತಾ ಅವಳ ಮನೆ ವಿಷ್ಯ ಎಲ್ಲಾ ಕೇಳ್ಕೊಂಡ್ರು, ಮಲಗೋ ಹೊತ್ತಿಗೆ ಕ್ಯಾಮೆರಾ ಹಿಡಿಯೋ ಹುಡುಗಿ ಹೋಗಿ ಮನೆ ಹುಡುಗಿ ಆಗಿದ್ಲು.

ಕಾಫಿ ಗಿಡದ ಮಧ್ಯ ನಿಲ್ಲಿಸಿ ತೆಗೀಬೇಕು ಅನ್ನೋದು ನನ್ನ ಆಸೆ. ಬೇಡ ಅನ್ಲಿಲ್ಲ ಅವಳು, ಒಂದು ತೆಗೆದು ಸ್ಕ್ರೀನಲ್ಲಿ ದೊಡ್ಡದು ಮಾಡಿ ತೋರ್ಸಿದ್ಲು. ಅಮ್ಮನ ಗಲ್ಲದ ಕೆಳಗೆಲ್ಲಾ ಹಸಿರು, ಎಲೆಗೆ ಬಿದ್ದ ಬೆಳಕು ಮುಖಕ್ಕೆ ಬರತ್ತಂತೆ, ಸಾಲದ್ದಕ್ಕೆ ಸಿಲ್ವರ್ ಓಕ್ ಮರದ ಸಂದೀಲಿ ಬಿಸಿಲು ಹಣೆ ಮೇಲೆ ಚುಕ್ಕೆ ಚುಕ್ಕೆ. ವಾಪಸ್ ಬಂದು ಜಗಲಿ ಅಂಚಲ್ಲಿ ಕೂರಿಸಿದ್ಲು, ಮೇಲೆ ಸೂರಿನ ನೆರಳು, ಎದುರಿಗೆ ಅಂಗಳದ ಬೆಳಕು, ಅಪ್ಪನ ಬಿಳಿ ಪಂಚೆ ಅಗಲವಾಗಿ ಬಿಡಿಸಿ ನನ್ನ ಕೈಗೆ ಕೊಟ್ಟು ಹಿಡ್ಕೊಳಿ ಅಂದ್ಲು, ಹಿಡಿದ ತಕ್ಷಣ ಅಮ್ಮನ ಕಣ್ಣ ಕೆಳಗಿನ ಕಪ್ಪು ತಿಳಿಯಾಯ್ತು. ರೇಷ್ಮೆ ಸೀರೆ ತೆಗೆದಿಟ್ಟಿದ್ರು, ಅದು ಬೇಡ ಅಂತ ಅವರಿಗಿಷ್ಟದ ನೀಲಿ ಕಾಟನ್ ಸೀರೆನೇ ಉಡಿಸಿದ್ಲು. ದೂರದಿಂದ್ಲೇ ಮುಖ ದೊಡ್ಡದಾಗಿ ತೆಗೆಯೋ 85 ಎಂಎಂ ಲೆನ್ಸ್ ಹಾಕ್ಕೊಂಡು ದೂರದಲ್ಲೇ ಕೂತಿದ್ಲು, ಮೊಬೈಲ್ ಹತ್ರ ಹಿಡಿದಾಗ ಮೂಗು ದೊಡ್ಡದಾಗೋ ಥರ ಇದರಲ್ಲಿ ಆಗಲ್ಲ.

ಅಮ್ಮ ಸೇವಂತಿಗೆ ಕಟ್ತಾ ಕೂತ್ರು. ದಾರ ಕಾಲ್ಬೆರಳಿಗೆ ಸಿಕ್ಸ್ಕೊಂಡು, ಎರಡು ಹೂ ಎಡಗೈಲಿ ಜೋಡ್ಸಿ, ಸುತ್ತಿ ಬಿಗಿಯೋದು. ಮೊದಲ ಗೇಣು ಕಟ್ಟೋ ತನಕ ಅವಳು ಕ್ಯಾಮೆರಾ ಎತ್ತಲೇ ಇಲ್ಲ. "ಅಮ್ಮಾ, ಇದು ಯಾರಿಗೆ?" ಅಂದ್ಲು. "ನಿಂಗೇ ಕಣಮ್ಮಾ, ಮುಡ್ಕೊಂಡು ಹೋಗು" ಅಂತ ತಲೆ ಎತ್ತಿದ್ರಲ್ಲ, ಆ ಫೋಟೋ ಅದು.

ಅಪ್ಪಂದು ಬೇಗ ಆಯ್ತು. ಕನ್ನಡಕದಲ್ಲಿ ಅಂಗಳ ಎಲ್ಲಾ ಹೊಳೀತಿತ್ತು, ಕಿವಿ ಹತ್ರ ಕಡ್ಡಿ ಸ್ವಲ್ಪ ಮೇಲೆತ್ತಿದ್ಮೇಲೆ ಸರಿ ಹೋಯ್ತು.

ಫೋಟೋನ ವಾಟ್ಸಾಪಲ್ಲಿ ಸುಮ್ನೆ ಇಮೇಜ್ ಥರ ಕಳಿಸ್ಕೋಬೇಡಿ, ಸೈಜ್ ಇಳಿಯತ್ತೆ. 12x18 ಇಂಚು ಪ್ರಿಂಟ್ 300 ಡಿಪಿಐಗೆ, ಅಂದ್ರೆ ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ, 3600x5400 ಪಿಕ್ಸೆಲ್ ಬೇಕು, ನಾನು ಡ್ರೈವ್‌ನಲ್ಲಿ ಒರಿಜಿನಲ್ ಸೈಜಲ್ಲೇ ತಗೊಂಡೆ. ಎಡಿಟ್‌ನಲ್ಲಿ ಸುಕ್ಕು ತೆಗೀಬೇಡ ಅಂತ ಮೊದ್ಲೇ ಹೇಳಿದ್ದೆ, ಅವಳು ಮುಟ್ಲಿಲ್ಲ. ಕಿಟಕಿ ಎದುರಿಗೆ ಗ್ಲಾಸಿ ಹೊಳೆಯತ್ತೆ ಅಂತ ಮ್ಯಾಟ್ ಪೇಪರ್‌ನಲ್ಲೇ ಹಾಕ್ಸಿದೆ.

ಫ್ರೇಮ್ ತಂದು ಮೊಳೆ ಹೊಡೆಯಕ್ಕೆ ಹೋದ್ರೆ ಅಮ್ಮ ತಡೆದ್ರು. "ಗೋಡೆಗೆ ಹಾಕ್ಬೇಡ ಕಣೇ, ಹೋದೋರ ಫೋಟೋ ಥರ ಆಗತ್ತೆ." ಈಗ ಶೋಕೇಸ್ ಮೇಲೆ, ಅಪ್ಪಂದರ ಪಕ್ಕ ಒರಗಿಸಿ ಇಟ್ಟಿದೀವಿ.