ಬ್ರೇಕ್ ಪೆಡಲ್ ಮೆಲ್ಲಗೆ ಕೆಳಗಿಳಿದರೆ: ಬ್ರೇಕ್, ಕ್ಲಚ್ ಸಿಲಿಂಡರ್‌ಗಳ ಆರೈಕೆ ಮತ್ತು ಬದಲಾವಣೆ

ಮಂಡ್ಯದಲ್ಲಿ ಒಂದು ಸಂಜೆ ಸಿಗ್ನಲ್‌ಗೆ ಕಾಯುತ್ತಾ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಿಂತಿದ್ದೆ. ಬ್ರೇಕ್ ಮೇಲೆ ಕಾಲು ಇಟ್ಟ ಹಾಗೇ ಇತ್ತು, ಜಾಸ್ತಿ ಒತ್ತಿರಲಿಲ್ಲ, ಆದರೂ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋಯಿತು. ಬಿಟ್ಟು ಮತ್ತೆ ಒತ್ತಿದರೆ ಗಟ್ಟಿ, ಸ್ವಲ್ಪ ಹೊತ್ತಿಗೆ ಮತ್ತೆ ಇಳಿತ. ಬಾನೆಟ್ ಎತ್ತಿ ನೋಡಿದೆ, ಬ್ರೇಕ್ ಆಯಿಲ್ ಸ್ವಲ್ಪವೂ ಕಡಿಮೆಯಾಗಿರಲಿಲ್ಲ. ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿನ ಮೂಲಕ ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದ್ದರ ಗುರುತು ಇದು. ಒಳಗಿನ ರಬ್ಬರ್ ಕಪ್ ಸವೆದರೆ ಆಯಿಲ್ ಹೊರಗೆ ಸೋರುವುದಿಲ್ಲ, ಕಪ್ ದಾಟಿಕೊಂಡು ಒಳಗೊಳಗೇ ಹಿಂದಕ್ಕೆ ಹೋಗುತ್ತದೆ. ಹೀಗಾದರೆ "ಇನ್ನೂ ಬ್ರೇಕ್ ಹಿಡೀತಿದೆ ಅಲ್ವಾ" ಅಂತ ಗಾಡಿ ಓಡಿಸಬೇಡಿ.

ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿದ್ದರೆ ಅಲ್ಲಿ ಬ್ರೇಕ್ ಶೂ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ರಿವರ್ಸ್ ಗೇರ್ ಕರ್ ಎಂದು ಉಜ್ಜಿಕೊಂಡು ಬೀಳುತ್ತಿದ್ದು, ಕ್ಲಚ್ ಎರಡು ಮೂರು ಸಲ ಪಂಪ್ ಮಾಡಿದರೆ ಸರಿಹೋಗುತ್ತಿದ್ದರೆ ಕ್ಲಚ್‌ನ ಸಿಲಿಂಡರ್ ನೋಡಿ. ಮಾರುತಿ 800 ತರಹದ ಕೇಬಲ್ ಕ್ಲಚ್ ಗಾಡಿಗೆ ಈ ಕೊನೆಯ ಮಾತು ಅನ್ವಯಿಸುವುದಿಲ್ಲ.

ಸಿಲಿಂಡರ್ ಹಾಳು ಮಾಡುವುದು ಹೆಚ್ಚಾಗಿ ನೀರು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ತಾನಾಗಿಯೇ ಹೀರಿಕೊಳ್ಳುತ್ತದೆ, ಆ ನೀರಿನಿಂದ ಸಿಲಿಂಡರ್ ಒಳಗೋಡೆ ತುಕ್ಕು ಹಿಡಿದು ಗುಳಿ ಬೀಳುತ್ತದೆ, ಆ ಗುಳಿಯ ಅಂಚು ರಬ್ಬರನ್ನು ತಿನ್ನುತ್ತದೆ. ಜೊತೆಗೆ ಕುದಿಯುವ ಬಿಂದುವೂ ಇಳಿಯುತ್ತದೆ: ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ತಡೆಯಬೇಕು, ತೇವ ಹಿಡಿದ ಮೇಲಿನ ಮಾನದಂಡ 155 ಡಿಗ್ರಿ ಅಷ್ಟೇ. ಚಾಮುಂಡಿ ಬೆಟ್ಟದಿಂದಲೋ, ಊಟಿಯಿಂದ ಕಲ್ಲಟ್ಟಿ ಘಾಟ್‌ನ 36 ತಿರುವುಗಳಲ್ಲೋ ಬ್ರೇಕ್ ಒತ್ತಿಕೊಂಡೇ ಇಳಿದರೆ ಹಳೆ ಆಯಿಲ್ ಕುದಿದು ಆವಿಯಾಗಿ ಪೆಡಲ್ ಖಾಲಿ ಹೊಡೆಯಬಹುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಾಯಿಸಿ. ಇದರಷ್ಟು ಅಗ್ಗದ ಆರೈಕೆ ಬೇರೆ ಇಲ್ಲ. ತೆರೆದಿಟ್ಟ ಹಳೆ ಡಬ್ಬದ ಆಯಿಲ್ ಬೇಡ, ಸೀಲ್ ಒಡೆಯದ್ದೇ ತನ್ನಿ. ಎಂಜಿನ್ ಆಯಿಲ್ ಅಪ್ಪಿತಪ್ಪಿಯೂ ಬೀಳಬಾರದು, ರಬ್ಬರ್ ಎಲ್ಲಾ ಊದಿಕೊಳ್ಳುತ್ತದೆ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಡಾಟ್ 4 ಜೊತೆ ಬೆರೆಸಬೇಡಿ.

ಆಯಿಲ್ ಲೆವೆಲ್ ಇಳಿದರೆ ಸುಮ್ನೆ ತುಂಬಿಸಿ ಮುಚ್ಚಳ ಹಾಕಬೇಡಿ. ಪ್ಯಾಡ್ ಸವೆದಂತೆ ಸ್ವಲ್ಪ ಇಳಿಯುವುದು ಸಹಜ. ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಹುಡುಕಿ.

ಮಾಸ್ಟರ್ ಸಿಲಿಂಡರ್ ಬದಲಾಯಿಸುವಾಗ ಮೊದಲು ಸಿರಿಂಜ್‌ನಿಂದ ಆಯಿಲ್ ಹೀರಿ ತೆಗೆಯಿರಿ. ಕೆಳಗೆ ಬಟ್ಟೆ ಹಾಸಿ. ಪೇಂಟ್ ಮೇಲೆ ಬಿದ್ದರೆ ಕಿತ್ತುಬರುತ್ತದೆ, ತಕ್ಷಣ ನೀರು ಸುರಿದು ತೊಳೆಯಿರಿ. ಪೈಪ್ ನಟ್‌ಗೆ ಸಾಧಾರಣ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ನಟ್ ಉರುಟಾಗುತ್ತದೆ, ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು. ಒಳಗೆ ಗುಳಿ ಬಿದ್ದಿದ್ದರೆ ರಬ್ಬರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಪಾರ್ಟ್ ನಂಬರ್ ತಾಳೆ ನೋಡಿ ಪೂರ್ತಿ ಸಿಲಿಂಡರ್ ತನ್ನಿ. ಹೊಸದನ್ನು ವೈಸ್‌ನಲ್ಲಿ ಹಿಡಿದು, ಆಯಿಲ್ ತುಂಬಿ, ಪಿಸ್ಟನ್ ನಿಧಾನಕ್ಕೆ ಒತ್ತಿ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದ ಮೇಲೆಯೇ ಗಾಡಿಗೆ ಕೂರಿಸಿ. ಪಿಸ್ಟನ್ ಒತ್ತುವ ಪುಶ್ ರಾಡ್‌ಗೆ ಸ್ವಲ್ಪ ಆಟ ಉಳಿದಿರಬೇಕು, ಇಲ್ಲದಿದ್ದರೆ ಬ್ರೇಕ್ ಬಿಡದೆ ಹಿಡಿದುಕೊಳ್ಳುತ್ತದೆ.

ವೀಲ್ ಸಿಲಿಂಡರ್ ಸೋರಿದರೆ ಎರಡೂ ಕಡೆಯದು ಬದಲಾಯಿಸಿ. ಆಯಿಲ್ ಕುಡಿದ ಬ್ರೇಕ್ ಶೂ ಎಷ್ಟು ತೊಳೆದರೂ ಸರಿಹೋಗುವುದಿಲ್ಲ, ಅದನ್ನೂ ತೆಗೆದುಹಾಕಿ.

ಇನ್ನು ಏರ್ ತೆಗೆಯುವ ಕೆಲಸ. ಇದಕ್ಕೆ ಆತುರ ಪಡಬೇಡಿ, ಇಬ್ಬರು ಬೇಕು. ನಾನು ತಮ್ಮನನ್ನು ಸೀಟಿನಲ್ಲಿ ಕೂರಿಸುತ್ತೇನೆ. ಚಕ್ರದ ಹತ್ತಿರ ಗಾಳಿ ಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಡಿ. "ಒತ್ತು" ಅನ್ನುತ್ತೇನೆ, "ಒತ್ತಿದೀನಿ ಅಣ್ಣ" ಅನ್ನುತ್ತಾನೆ, ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ, ಗುಳ್ಳೆ ಬರುತ್ತದೆ, ನಿಪ್ಪಲ್ ಬಿಗಿ ಮಾಡಿದ ಮೇಲೆಯೇ "ಬಿಡು". ಬಿಗಿ ಮಾಡುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ ಶುರು. ನಿಮ್ಮ ಗಾಡಿಯ ಮ್ಯಾನ್ಯುವಲ್ ಬೇರೆ ಕ್ರಮ ಹೇಳಿದ್ದರೆ ಅದೇ ಸರಿ. ನಡುನಡುವೆ ಬ್ರೇಕ್ ಆಯಿಲ್ ಟ್ಯಾಂಕಿಗೆ ಆಯಿಲ್ ಹಾಕುತ್ತಿರಿ, ಖಾಲಿಯಾದರೆ ಮೊದಲಿನಿಂದ ಮಾಡಬೇಕು. ಇನ್ನೊಂದು ಮಾತು, ಸಿಲಿಂಡರ್ ಹಳೆಯದೇ ಆಗಿದ್ದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ದಿನಾ ಪಿಸ್ಟನ್ ಓಡಾಡದ ಜಾಗದಲ್ಲಿ ತುಕ್ಕು ಇರುತ್ತದೆ, ಪೆಡಲ್ ನೆಲಕ್ಕೆ ಮುಟ್ಟಿಸಿದರೆ ಕಪ್ ಆ ತುಕ್ಕಿಗೆ ಉಜ್ಜಿ ಹರಿಯುತ್ತದೆ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ) ಘಟಕದೊಳಗೆ ಗಾಳಿ ಸೇರಿದ್ದರೆ ಕೆಲವು ಗಾಡಿಗಳಿಗೆ ಸ್ಕ್ಯಾನರ್ ಬೇಕು, ಅಂಥದ್ದನ್ನು ಗ್ಯಾರೇಜ್‌ಗೆ ಒಯ್ಯಿರಿ.

ಕ್ಲಚ್‌ಗೂ ಇದೇ ವಿಧಾನ. ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಹೊರಗಿದ್ದರೆ ಎರಡು ಬೋಲ್ಟ್ ಬಿಚ್ಚಿದರೆ ಸಾಕು. ಒಳಗಿರುವ ಗಾಡಿಯಲ್ಲಿ ಗೇರ್‌ಬಾಕ್ಸನ್ನೇ ಇಳಿಸಬೇಕು, ಆದ್ದರಿಂದ ಕ್ಲಚ್ ಪ್ಲೇಟ್ ಬದಲಾಯಿಸುವಾಗಲೇ ಅದನ್ನೂ ಬದಲಾಯಿಸಿಬಿಡಿ. ಗಾಳಿ ಇರುವಾಗ ಕ್ಲಚ್ ಪೆಡಲ್ ತಾನಾಗಿ ಮೇಲೆ ಬರದೇ ಇರಬಹುದು, ಕೈಯಿಂದ ಎತ್ತಿ.

ಎಲ್ಲಾ ಮುಗಿದ ಮೇಲೆ ಎಂಜಿನ್ ಆಫ್ ಇಟ್ಟು ನಾಲ್ಕೈದು ಸಲ ಬ್ರೇಕ್ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿದು ನಿಲ್ಲಬೇಕು, ಅದು ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಕೆಲಸ. ಒಂದು ನಿಮಿಷ ಹಿಡಿದರೂ ಮತ್ತೆ ಇಳಿಯಬಾರದು. ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನವಾಗಿ. ರಾತ್ರಿ ಪ್ರತಿ ಚಕ್ರದ ಕೆಳಗೆ, ಎಂಜಿನ್ ಕೆಳಗೆ ಹಳೆ ಪೇಪರ್ ಹಾಸಿ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಹನಿ ಬಿದ್ದಿದೆಯಾ ನೋಡಿ.